ಅಪ್‌ಡೇಟ್: ಒಬ್ಬೊಬ್ಬರ ಪ್ರಯಾಣಕ್ಕೆ ತಕ್ಕ ಸರ್ವೆ ಡಿಸೈನ್

ನನ್ನ ಪ್ರಶ್ನೆ ಇದಾಗಿತ್ತು: ಮಂಗಳೂರಿಗೆ ದಿನಾ ಓಡಾಡುವವರಿಗೆ ಆನ್‌ಲೈನ್‌ನಲ್ಲಿ ಬಸ್ಸೋ ರೈಲೋ ಅಂತ ಆಯ್ಕೆ ಕೊಡಬೇಕು. ಅವರವರ ಈಗಿನ ಸಮಯ, ಟಿಕೆಟ್ ದರವೇ ಆಧಾರ. ಹಾಗಾದರೆ ಎಫಿಶಿಯೆಂಟ್ ಡಿಸೈನ್, ಅಂದರೆ ಕಡಿಮೆ ಉತ್ತರಗಳಿಂದಲೇ ನಿಖರ ಅಂದಾಜು ಕೊಡುವ ಪ್ರಶ್ನೆಗಳ ಜೋಡಣೆ, ಮಾಡುವುದು ಹೇಗೆ? ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ರೋಸ್, ಬ್ಲೀಮರ್, ಹೆನ್ಶರ್, ಕಾಲಿನ್ಸ್ ಎಂಬ ಸಂಶೋಧಕರು 2008ರಲ್ಲಿ ಬರೆದದ್ದು ಇದೇ ವಿಷಯ. ಡಿಸೈನ್‌ನಲ್ಲಿ ಈಗಿನದಕ್ಕಿಂತ ಶೇ. 20 ಜಾಸ್ತಿ, ಶೇ. 20 ಕಡಿಮೆ ಅಂತ ಇಟ್ಟರೂ, ಉತ್ತರಗಳನ್ನು ವಿಶ್ಲೇಷಿಸುವ ಮಾಡೆಲ್‌ಗೆ ಹೋಗುವುದು ನಿಜವಾದ ನಿಮಿಷ, ರೂಪಾಯಿ. ಹಾಗಾಗಿ ಉಡುಪಿಯವರಿಗೆ ಚೆನ್ನಾಗಿರುವ ಡಿಸೈನ್ ಸುರತ್ಕಲ್‌ನವರಿಗೂ ಅಷ್ಟೇ ಚೆನ್ನಾಗಿರಬೇಕೆಂದಿಲ್ಲ.

ಪ್ರಯಾಣಿಕರ ಉತ್ತರ ಬಂದ ಕೂಡಲೇ ಸರ್ವರ್‌ನಲ್ಲೇ ಹೊಸ ಡಿಸೈನ್ ಹುಡುಕುವ ದಾರಿ ನನಗೆ ತುಂಬಾ ಇಷ್ಟ. ಆದರೆ ಮೊಬೈಲ್ ಹಿಡಿದು ಬಸ್ಸಲ್ಲಿ ನಿಂತವರನ್ನು ಕಾಯಿಸುವುದು ಸರಿಯಲ್ಲ ಅಲ್ವಾ? ಅದಕ್ಕೆ ಸುರತ್ಕಲ್, ಮೂಲ್ಕಿ, ಉಡುಪಿ ಅಂತ ದೂರದ ಗುಂಪು ಮಾಡಿ, ಪ್ರತಿ ಗುಂಪಿಗೂ ಮೊದಲೇ ಡಿಸೈನ್ ತಯಾರಿಸಿದೆ. ಪ್ರಯಾಣಿಕರು ತಮ್ಮ ಸಮಯ, ದರ ತುಂಬಿದರೆ ಸರ್ವೆ ಆ ಗುಂಪಿನ ಡಿಸೈನ್ ತೆಗೆದು ಅವರ ಅಂಕಿಗಳನ್ನು ಹಾಕುತ್ತದೆ.

ನಿಜವಾದ ಕೆಲಸ ಇರುವುದು ರೌಂಡಿಂಗ್‌ನಲ್ಲಿ. ಇಪ್ಪತ್ತು ನಿಮಿಷದ ಪ್ರಯಾಣಕ್ಕೆ ಶೇ. 10 ಅಂದರೆ ಎರಡೇ ನಿಮಿಷ. ಅಷ್ಟಕ್ಕೆ ಯಾರೂ ಬಸ್ ಬಿಟ್ಟು ರೈಲು ಹತ್ತುವುದಿಲ್ಲ. ಕನಿಷ್ಠ ಐದು ನಿಮಿಷದ ವ್ಯತ್ಯಾಸ ಇಟ್ಟೆ, ದರವನ್ನು ಪೂರ್ಣ ರೂಪಾಯಿಗೆ ತಂದೆ. ಡಿ-ಎರರ್ (ಡಿಸೈನ್ ಕೊಡುವ ಅಂದಾಜು ಎಷ್ಟು ಅನಿಖರ ಎಂಬ ಅಳತೆ; ಕಡಿಮೆ ಇದ್ದಷ್ಟೂ ಒಳ್ಳೆಯದು) ಲೆಕ್ಕ ಹಾಕಬೇಕಾದದ್ದು ಇದೆಲ್ಲ ಆದ ಮೇಲೆ, ತೆರೆಯ ಮೇಲೆ ಕಾಣುವ ಅಂಕಿಗಳಿಂದಲೇ. ಒಂದು ಆಯ್ಕೆ ಸಮಯ, ದರ ಎರಡರಲ್ಲೂ ಕಡಿಮೆ ಇದ್ದರೆ ಆ ಪ್ರಶ್ನೆ ಸುಮ್ನೆ ವ್ಯರ್ಥ. ಅಂಥವನ್ನು ತೆಗೆದುಹಾಕಿದ್ದೇನೆ.

ಪ್ರಯರ್‌ಗಳಿಗೆ, ಅಂದರೆ ಸಮಯ, ದರ ಜನರ ಆಯ್ಕೆಯಲ್ಲಿ ಎಷ್ಟು ಮುಖ್ಯ ಎಂಬ ಮೊದಲ ಅಂದಾಜುಗಳಿಗೆ, ಸಣ್ಣ ಪೈಲಟ್ (ಪ್ರಾಯೋಗಿಕ ಸರ್ವೆ) ನಡೆಯುತ್ತಿದೆ. ಅದರ ಅಂದಾಜು ಬಂದ ಮೇಲೆ ಬೇಸಿಯನ್ ಪ್ರಯರ್ (ಒಂದೇ ಅಂಕಿಯ ಬದಲು ಅನಿಶ್ಚಿತತೆಯನ್ನೂ ಸೇರಿಸಿದ ಅಂದಾಜು) ಹಾಕಿ ಮೂರೂ ಡಿಸೈನ್‌ಗಳನ್ನು ಮತ್ತೆ ತಯಾರಿಸುತ್ತೇನೆ.