ಲಂಡನ್ನಿಗೆ ಬಂದು ಆರು ವಾರವಾದರೂ ಊರು ತುಂಡು ತುಂಡಾಗಿಯೇ ಕಾಣುತ್ತಿದೆ

ಪ್ರಶ್ನೆ (ಬಳೇಪೇಟೆಯ ವಿದ್ಯಾರ್ಥಿನಿ)

ನಮಸ್ಕಾರ. ಸ್ನಾತಕೋತ್ತರ ಓದಿಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ಲಂಡನ್ನಿಗೆ ಬಂದೆ. ಬಿಡುವಿದ್ದ ಪ್ರತಿ ಶನಿವಾರವೂ ಸುರಂಗ ರೈಲು ಹತ್ತಿ ಒಂದೊಂದು ಪ್ರಸಿದ್ಧ ಸ್ಥಳವನ್ನು ನೋಡಿ ಬರುತ್ತಿದ್ದೇನೆ. ಆದರೂ ಈ ಊರು ನನಗೆ ಇನ್ನೂ ಒಂದು ಊರಾಗಿ ಕಾಣುತ್ತಿಲ್ಲ. ನಿಲ್ದಾಣದಿಂದ ಮೇಲೆ ಬಂದಾಗ ಕಾಣುವ ಬಿಡಿಬಿಡಿ ದ್ವೀಪಗಳಂತಿದೆ. ಬೆಂಗಳೂರಿನ ಬಳೇಪೇಟೆಯಲ್ಲಿ ಬೆಳೆದ ನನಗೆ ಯಾವ ಗಲ್ಲಿ ಎಲ್ಲಿಗೆ ಹೋಗಿ ಕೂಡುತ್ತದೆ ಎಂಬುದು ಕಾಲಿಗೇ ಗೊತ್ತಿತ್ತು. ಇಲ್ಲಿ ಆ ತಿಳಿವಳಿಕೆ ಬರಲಿಲ್ಲವೆಂಬ ಬೇಸರವಿದೆ.

ಮನಸ್ಸನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿ. ಪ್ರವೇಶ ಶುಲ್ಕವಿಲ್ಲದ್ದರಿಂದ ಎರಡು ಸಲ ಹೋದೆ. ಐರೋಪ್ಯನೊಬ್ಬನ ಮೇಲೆ ಎರಗಿರುವ ಆ ಮರದ ಹುಲಿಯ ಹೊಟ್ಟೆಯಲ್ಲಿ ಆರ್ಗನ್ ವಾದ್ಯವಿದೆ. ಶ್ರೀರಂಗಪಟ್ಟಣದ ವಸ್ತುವೊಂದನ್ನು ಗಾಜಿನಾಚೆ ನೋಡುತ್ತ ನಿಂತಾಗ ಹೆಮ್ಮೆಯೂ ಸಂಕಟವೂ ಒಟ್ಟಿಗೆ ಬಂದವು. ಉಳಿದ ವಾರಾಂತ್ಯಗಳಲ್ಲಿ ಈ ನಗರವನ್ನು ಹೇಗೆ ನೋಡಬೇಕೆಂದು ಅನುಭವಿಗಳು ತಿಳಿಸುವಿರಾ?

ಉತ್ತರ 1 (ಹಲವು ವರ್ಷಗಳಿಂದ ಲಂಡನ್ ನಿವಾಸಿ)

ನಿಮ್ಮ ಬೇಸರಕ್ಕೆ ಅರ್ಧ ಕಾರಣ ಆ ರೈಲಿನ ನಕ್ಷೆಯೇ. 1933ರಲ್ಲಿ ಪ್ರಕಟವಾದ ಹ್ಯಾರಿ ಬೆಕ್ ಅವರ ನಕ್ಷೆಯ ಮಾದರಿ ಇಂದಿಗೂ ನಡೆದುಬಂದಿದೆ. ಅದು ನಗರದ ನಡುಭಾಗವನ್ನು ಹಿಗ್ಗಿಸಿ ಹೊರವಲಯವನ್ನು ಕುಗ್ಗಿಸಿ ತೋರಿಸುತ್ತದೆ. ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್ ಮಾತ್ರ, ಆದರೆ ನಕ್ಷೆ ನೋಡಿದವರು ಅದನ್ನೂ ರೈಲಿನ ದೂರವೆಂದೇ ಭಾವಿಸುತ್ತಾರೆ.

ಬಳೇಪೇಟೆಯವರಾದ ನಿಮಗೆ ನಾನು ಸೂಚಿಸುವುದು ಒಂದೇ ಬೀದಿ, ಚೀಪ್‌ಸೈಡ್. ಹಳೆಯ ಇಂಗ್ಲಿಷಿನಲ್ಲಿ ಆ ಹೆಸರಿನ ಮೊದಲ ಭಾಗಕ್ಕೆ ಸಂತೆ ಅಥವಾ ಪೇಟೆ ಎಂದೇ ಅರ್ಥ. ಅದರ ಆಚೀಚೆ ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್, ಹನಿ ಲೇನ್ ಇವೆ, ಮುಂದೆ ಪೌಲ್ಟ್ರಿ ಎಂಬ ಬೀದಿಯಿದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆಗಳ ಹಾಗೆಯೇ ಮಾರುತ್ತಿದ್ದ ಸರಕೇ ಬೀದಿಗೆ ಹೆಸರಾಯಿತು. 1666ರ ಮಹಾ ಬೆಂಕಿಯಲ್ಲಿ ಇದೆಲ್ಲ ಸುಟ್ಟುಹೋದ ಮೇಲೆ ಕ್ರಿಸ್ಟೋಫರ್ ರೆನ್ ಅಗಲವಾದ ನೇರ ಬೀದಿಗಳ ಯೋಜನೆಯೊಂದನ್ನು ಮುಂದಿಟ್ಟರೂ, ಜನ ತಮ್ಮ ತಮ್ಮ ನಿವೇಶನಗಳಲ್ಲೇ ಮತ್ತೆ ಕಟ್ಟಿಕೊಂಡದ್ದರಿಂದ ಹಳೆಯ ಬೀದಿಗಳ ಜಾಡು ಬಹುಪಾಲು ಉಳಿಯಿತು. ಗಾಜಿನ ಕಟ್ಟಡಗಳ ನಡುವೆ ನಿಮ್ಮ ಕಾಲಿಗೆ ಸಿಗುವುದು ಆ ಹಳೆಯ ಜಾಡೇ. ಕಚೇರಿಗಳಿಗೆ ರಜೆಯಿರುವ ಭಾನುವಾರ ಬೆಳಿಗ್ಗೆ ಹೋಗಿ, ರೆನ್ ಕಟ್ಟಿದ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಿಂದ ಪೂರ್ವಕ್ಕೆ ನಡೆಯಿರಿ.

ಉತ್ತರ 2 (ಇತಿಹಾಸದ ಓದುಗ)

ಮೇಲೆ ಹೇಳಿದ ದಾರಿಯಲ್ಲೇ ಇನ್ನಷ್ಟು ಮುಂದೆ ಹೋಗಬೇಕೆಂದು ನನ್ನ ವಿನಂತಿ. ಪೌಲ್ಟ್ರಿ, ಕಾರ್ನ್‌ಹಿಲ್ ದಾಟಿದರೆ ಲೆಡನ್‌ಹಾಲ್ ಸ್ಟ್ರೀಟ್ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ ಇದ್ದದ್ದು ಅಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಸಾಗಿಸಿ ತಂದ ಆ ಹುಲಿಯನ್ನು ಮೊದಲು ಸಾರ್ವಜನಿಕರಿಗೆ ತೋರಿಸಿದ್ದೂ ಆ ಕಟ್ಟಡದಲ್ಲೇ. 1860ರ ದಶಕದ ಆರಂಭದಲ್ಲಿ ಕಟ್ಟಡವನ್ನು ಕೆಡವಿದರು; ಇಂದು ಅಲ್ಲಿ ಲಾಯ್ಡ್ಸ್ ವಿಮಾ ಮಾರುಕಟ್ಟೆಯ ಉಕ್ಕಿನ ಕಟ್ಟಡ ನಿಂತಿದೆ. ಗಾಜಿನ ಪೆಟ್ಟಿಗೆಯ ಮುಂದೆ ನಿಮಗಾದ ಸಂಕಟಕ್ಕೆ ಆ ಬೀದಿಯಲ್ಲಿ ಒಂದು ವಿಳಾಸ ಸಿಗುತ್ತದೆ.

ಉತ್ತರ 3 (ನದಿದಂಡೆಯ ನಡಿಗೆಯವರು)

ಥೇಮ್ಸ್ ನದಿಯನ್ನು ಮರೆಯಬೇಡಿ. ಲ್ಯಾಂಬೆತ್ ಸೇತುವೆಯ ಬಳಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ, ಅಲ್ಲಿಂದ ನದಿಯಾಚೆಗೆ ಸಂಸತ್ ಭವನ ಕಾಣುತ್ತದೆ. ಅಲ್ಲಿಂದ ದಕ್ಷಿಣ ದಂಡೆಯಲ್ಲೇ ಟವರ್ ಬ್ರಿಡ್ಜ್‌ವರೆಗೆ ಸುಮಾರು ಐದು ಕಿಲೋಮೀಟರ್ ನಡೆಯಬಹುದು. ಸಮುದ್ರದ ಉಬ್ಬರವಿಳಿತ ಊರೊಳಗಿನವರೆಗೂ ಬರುವುದರಿಂದ ನೀರಿನ ಮಟ್ಟ ಏಳು ಮೀಟರ್‌ವರೆಗೂ ಏರಿಳಿಯುತ್ತದೆ; ಬೆಳಿಗ್ಗೆ ತುಂಬಿದ್ದ ಕಡೆ ಮಧ್ಯಾಹ್ನ ಮರಳು, ಕಲ್ಲುಗಳು ಹೊರಬಿದ್ದದ್ದನ್ನು ಕಾಣುವಿರಿ. ಈಗ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುವುದರಿಂದ ಬೇಗ ಹೊರಡಿ. ಕಾಲು ಸೋತರೆ ಬಸ್ ಹತ್ತಿ: ಒಂದು ಟಿಕೆಟ್ ದರದಲ್ಲೇ ಒಂದು ಗಂಟೆಯೊಳಗೆ ಎಷ್ಟು ಬಸ್ಸುಗಳನ್ನಾದರೂ ಬದಲಾಯಿಸಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸೇಂಟ್ ಪಾಲ್ಸ್‌ನಿಂದ ಹೊರಟು ಲೆಡನ್‌ಹಾಲ್ ಸ್ಟ್ರೀಟ್‌ವರೆಗೆ ನಡೆದೆ. ಲಾಯ್ಡ್ಸ್ ಕಟ್ಟಡದ ಹೊರಮೈಯಲ್ಲಿ ಓಡುವ ಕೊಳವೆಗಳ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಇಳಿಜಾರಿನಲ್ಲಿ ನಡೆದಾಗ, ಯಾರನ್ನೂ ಕೇಳದೆ, ಫೋನನ್ನೂ ನೋಡದೆ ನದಿಗೆ ಬಂದು ಸೇರಿದೆ. ನೀರು ಇಳಿದಿತ್ತು. ಬಸವಣ್ಣನವರ ಪ್ರತಿಮೆಯ ಕಡೆಗೆ ಬರುವ ಭಾನುವಾರ ಹೊರಡುತ್ತೇನೆ, ನಡೆದೇ.