ಕ್ಯಾನ್ಸರ್ ತಪಾಸಣೆಗೂ ಅಧ್ಯಯನಕ್ಕೂ ಊರು ಒಪ್ಪುವ ಮುನ್ನ ಏನನ್ನು ಕೇಳಬೇಕು?

ಪ್ರಶ್ನೆ: ಸ್ತ್ರೀಶಕ್ತಿ ಸಂಘದ ಕಾರ್ಯದರ್ಶಿ, ಸಾಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಈ ವರ್ಷದ ಅಡಿಕೆ ಸುಲಿಗೆ ಶುರುವಾಗುವ ಮೊದಲು ನಮ್ಮ ಪಂಚಾಯಿತಿಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ನಡೆಸಿ, ಅದರ ಜೊತೆಗೆ ಜನರ ಅಭ್ಯಾಸಗಳ ಅಧ್ಯಯನವನ್ನೂ ಮಾಡುವುದಾಗಿ ಒಂದು ವೈದ್ಯಕೀಯ ತಂಡ ಮುಂದೆ ಬಂದಿದೆ. ನಮ್ಮ ಸಂಘದವರು ಮನೆಮನೆಗೆ ಹೋಗಿ ಹೆಂಗಸರನ್ನು ಕರೆತರಬೇಕೆಂಬುದು ಅವರ ಅಪೇಕ್ಷೆ. ಹಿಂದೊಮ್ಮೆ ಬೇರೊಂದು ತಂಡದವರು ಬಂದು, ರಕ್ತ ತೆಗೆದುಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಫಲಿತಾಂಶ ಇಂದಿಗೂ ಬಂದಿಲ್ಲ. ಈ ಸಲವೂ ಹಾಗೆಯೇ ಆದರೆ ಊರಿನವರಿಗೆ ಮುಖ ತೋರಿಸುವುದು ಹೇಗೆಂದು ಸದಸ್ಯೆಯರು ಕೇಳುತ್ತಿದ್ದಾರೆ. ಅಮೆರಿಕದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಸಮುದಾಯಗಳಲ್ಲಿ ಊರವರೂ ಸಂಶೋಧಕರೂ ಪಾಲುದಾರರಾಗಿ ಇಂತಹ ಕೆಲಸ ಮಾಡುತ್ತಾರೆಂದು ಓದಿದ್ದೇನೆ. ನಾವು ಅಲ್ಲಿಂದ ಏನನ್ನು ಕಲಿಯಬಹುದು?

ಉತ್ತರ: ಹೊಸನಗರದವಳು, ಈಗ ಟೆಕ್ಸಸ್ ವಾಸಿ

ಅಕ್ಕ, ನಾನಿರುವ ಸ್ಯಾನ್ ಆಂಟೋನಿಯೊದಿಂದ ಡಾ. ಅಮೆಲಿ ರಾಮಿರೆಜ್ ಅವರು ಮುನ್ನಡೆಸಿದ ‘ರೆಡೆಸ್ ಎನ್ ಆಕ್ಸಿಯೋನ್’ ಎಂಬ ಲ್ಯಾಟಿನೋ ಕ್ಯಾನ್ಸರ್ ಸಂಶೋಧನಾ ಜಾಲ 2000ದಲ್ಲಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೆರವಿನಿಂದ ಆರಂಭವಾಯಿತು. ಇಲ್ಲಿನ ಲ್ಯಾಟಿನಾ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಿಳಿಯ ಮಹಿಳೆಯರಿಗಿಂತ ಹೆಚ್ಚು. ವಿಮೆಯಿಲ್ಲ, ವೈದ್ಯರ ಭಾಷೆ ತಿಳಿಯುವುದಿಲ್ಲ, ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವಂತಿಲ್ಲ. ಅದೇ ಕೇರಿಯ, ಸ್ಪ್ಯಾನಿಷ್ ಮನೆಮಾತಿನ ಹೆಂಗಸರನ್ನು ತರಬೇತುಗೊಳಿಸಿ ‘ಪ್ರೊಮೊಟೊರಾ’ಗಳನ್ನಾಗಿ ಮಾಡಿದ್ದು ಇದಕ್ಕಾಗಿಯೇ. ‘ಅಮಿಗಾಸ್’ ಎಂಬ ಕಾರ್ಯಕ್ರಮದಲ್ಲಿ ಅವರು ಎಲ್ ಪಾಸೊ, ಹ್ಯೂಸ್ಟನ್ ಮತ್ತು ಯಾಕಿಮಾ ಕಣಿವೆಯಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆಯನ್ನು ಬಹುಕಾಲದಿಂದ ಮಾಡಿಸಿಕೊಳ್ಳದ ಮಹಿಳೆಯರೊಂದಿಗೆ ಕುಳಿತು ಚಿತ್ರಪಟ ಮತ್ತು ವಿಡಿಯೊ ತೋರಿಸಿ ಮಾತನಾಡಿದರು. ಹಾಗೆ ಮಾತನಾಡಿಸಿದವರಲ್ಲಿ ಪರೀಕ್ಷೆಗೆ ಹೋದವರ ಸಂಖ್ಯೆ ಉಳಿದವರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು.

ಆದರೆ ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ತಪಾಸಣೆಯ ನಂತರದ ಕೆಲಸ. ಸ್ತನದ ತಪಾಸಣೆಯಲ್ಲಿ ಅನುಮಾನ ಕಂಡ ಲ್ಯಾಟಿನಾ ಮಹಿಳೆಯರಿಗೆ ಈ ಜಾಲ ಆರು ಕಡೆಗಳಲ್ಲಿ ಜೊತೆಗಾತಿಯರನ್ನು ಒದಗಿಸಿತು. ಅವರು ದಿನ ಗೊತ್ತುಮಾಡಿಸಿದರು, ಆಸ್ಪತ್ರೆಯಲ್ಲಿ ಮಾತು ಅನುವಾದಿಸಿದರು, ವಾಹನದ ತೊಡಕು ಬಿಡಿಸಿದರು. ಅಂಥವರಿದ್ದಲ್ಲಿ ರೋಗ ಖಚಿತವಾಗುವುದಕ್ಕೆ ಹಿಡಿದ ದಿನಗಳು ಕಡಿಮೆಯಾದವು. ನಿಮ್ಮ ತಂಡವನ್ನು ಮೊದಲು ಇದನ್ನೇ ಕೇಳಿ: ಬಾಯಲ್ಲಿ ಬಿಳಿ ಮಚ್ಚೆ ಕಂಡ ಹೆಂಗಸನ್ನು ಶಿವಮೊಗ್ಗಕ್ಕೋ ಬೆಂಗಳೂರಿನ ಕಿದ್ವಾಯಿಗೋ ಕರೆದೊಯ್ಯುವವರು ಯಾರು, ಬಸ್ಸಿನ ಖರ್ಚು ಯಾರದು? ಮನೆಮನೆ ಸುತ್ತುವ ನಿಮ್ಮ ಸದಸ್ಯೆಯರಿಗೆ ಗೌರವಧನವನ್ನೂ ಕೇಳಿ. ಅದು ಕೆಲಸ, ಸೇವೆಯೆಂದು ಪುಕ್ಕಟೆ ಮಾಡಿಸಿಕೊಳ್ಳುವಂಥದ್ದಲ್ಲ.

ಉತ್ತರ: ನಿವೃತ್ತ ಆರೋಗ್ಯ ಸಹಾಯಕಿ, ತೀರ್ಥಹಳ್ಳಿ

ನಿಮ್ಮ ಸದಸ್ಯೆಯರ ಅಂಜಿಕೆಗೆ ಕಾರಣವಿದೆ. ನಿಮ್ಮದೇ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಸೊಂಟ, ಮಂಡಿ ಹಿಡಿಯುವ ಕಾಯಿಲೆ ಬೆಳಕಿಗೆ ಬಂತು. ನರಳಿದವರು ಬಡ ದಲಿತ ಕುಟುಂಬಗಳವರು. ಗದ್ದೆಯ ಏಡಿ ತಿಂದದ್ದರಿಂದ ಬಂತೆಂದು ಮೊದಲು ಶಂಕಿಸಿದರು, ಬಳಿಕ ಅದು ವಂಶವಾಹಿಯಿಂದ ಬರುವುದೆಂದು ಕಂಡುಕೊಂಡರು. ಆ ಜ್ಞಾನ ದೊಡ್ಡದೇ, ಆದರೆ ಅದರಿಂದ ನೋವಿನಲ್ಲಿದ್ದವರ ಸೊಂಟ ನೆಟ್ಟಗಾಗಲಿಲ್ಲ.

ಒಪ್ಪಿಗೆಪತ್ರವನ್ನು ಹಗುರವಾಗಿ ನೋಡಬೇಡಿ. ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯೊಂದನ್ನು 2010ರಲ್ಲಿ ತಡೆಹಿಡಿಯಲಾಯಿತು. ಅಲ್ಲಿ ಎಷ್ಟೋ ಬಾಲಕಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಮಾಡಿದ್ದರು. ನಿಮ್ಮಲ್ಲಿ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಬೇಕು, ‘ಬೇಡ’ ಎಂದವಳಿಗೂ ತಪಾಸಣೆ ಸಿಗಬೇಕು. 2016ರ ಕೇಂದ್ರದ ಮಾರ್ಗಸೂಚಿಯಂತೆ 30 ದಾಟಿದವರಿಗೆ ಈ ಮೂರೂ ತಪಾಸಣೆಗಳು ಸರ್ಕಾರದಿಂದಲೇ ದೊರೆಯಬೇಕಾದವು, ಆದ್ದರಿಂದ ಅಧ್ಯಯನಕ್ಕೆ ಒಪ್ಪುವುದು ಅದಕ್ಕೆ ತೆರುವ ಬೆಲೆಯಾಗಬಾರದು. ಇಷ್ಟಾದರೂ ಬೇಡವೆನ್ನಬೇಡಿ. ತಿರುವನಂತಪುರದ ಪ್ರಯೋಗದಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಬರಿಗಣ್ಣಿನಿಂದ ಬಾಯಿ ನೋಡಿದ್ದರಿಂದಲೇ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತೆಂದು 2005ರಲ್ಲಿ ವರದಿಯಾಯಿತು.

ಉತ್ತರ: ಅಡಿಕೆ ಬೆಳೆಗಾರ, ಸೊರಬ

ಹೊಗೆಸೊಪ್ಪಿಲ್ಲದ ಬರಿ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಪ್ರಕಟಿಸಿದೆ. ಅದೇ ತೋಟದಿಂದ ಬದುಕುವ ನನಗೆ ಇದನ್ನು ಬರೆಯುವುದು ಕಷ್ಟ, ಆದರೂ ಮುಚ್ಚಿಡಲಾರೆ. ಇಡೀ ರಾತ್ರಿ ಚಪ್ಪರದಲ್ಲಿ ಸುಲಿಯುತ್ತಾ ಕವಳ (ಎಲೆ-ಅಡಿಕೆ) ಹಾಕುವವರಿಗೆ ಬಾಯಿ ಪೂರ್ತಿ ತೆರೆಯಲು ಬರುತ್ತದೆಯೇ, ಖಾರ ತಿಂದರೆ ಉರಿಯುತ್ತದೆಯೇ ಎಂದು ಕೇಳಿ ನೋಡಿ. ತಂಡದವರು ಬಂದವರೇ ಬೆಳೆಯನ್ನು ದೂರಿದರೆ ಬಾಗಿಲು ಮುಚ್ಚುತ್ತದೆ. ಕವಳ ಬಿಟ್ಟ ನಮ್ಮೂರಿನವರೇ ತಮ್ಮ ಅನುಭವ ಹೇಳಿದರೆ ಕೇಳುತ್ತಾರೆ. ಪ್ರಶ್ನಾವಳಿಯನ್ನು ಬೆಳೆಗಾರರಿಗೂ ಸುಲಿಯುವವರಿಗೂ ಮೊದಲೇ ತೋರಿಸಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆಯ ಸಭೆಯಲ್ಲಿ ಇವುಗಳನ್ನು ಓದಿದೆವು. ಶಂಕೆ ಕಂಡವರ ಮುಂದಿನ ದಾರಿ, ಪ್ರತಿಯೊಬ್ಬರ ಫಲಿತಾಂಶ ಅವರ ಕೈಗೆ ತಲುಪುವ ದಿನ, ಸದಸ್ಯೆಯರ ಗೌರವಧನ ಇವು ಬರಹದಲ್ಲಿ ಬಂದ ಮೇಲೆಯೇ ಮನೆಗಳಿಗೆ ಹೋಗುವುದೆಂದು ನಿರ್ಧರಿಸಿದ್ದೇವೆ. ಪ್ರಶ್ನಾವಳಿ ನೋಡಲು ಸುಲಿಯುವ ಹೆಂಗಸರಲ್ಲಿ ಇಬ್ಬರನ್ನು ಆರಿಸಿದ್ದೇವೆ. ತಂಡದವರು ಬರುವ ಸೋಮವಾರ ಮಾತಿಗೆ ಬರುತ್ತಾರೆ.