‘ಬಿಳಿ ಚಿನ್ನ’ ಅಂದರೆ ಯಾವ ಲೋಹ?

ತಂಗಿಯ ನಿಶ್ಚಿತಾರ್ಥಕ್ಕೆ ಕೊಂಡ ಉಂಗುರದಿಂದ ಈ ಪ್ರಶ್ನೆ ಹುಟ್ಟಿತು. ಅಂಗಡಿಯವರು ‘ಇದು ಬಿಳಿ ಚಿನ್ನ’ ಅಂದರು. ನಮ್ಮ ಮನೆಯಲ್ಲಿ ಪ್ಲಾಟಿನಂಗೆ ಹೇಳುವುದೇ ಬಿಳಿ ಚಿನ್ನ ಅಂತ. ಹಾಗಾಗಿ ಮತ್ತೇನೂ ಕೇಳಲಿಲ್ಲ. ಎರಡು ವರ್ಷ ಕಳೆದ ಮೇಲೆ ಉಂಗುರದ ಕೆಳಬದಿ, ಅಂದರೆ ಪಾತ್ರೆಗೆ, ಬಾಗಿಲ ಹಿಡಿಗೆ ಉಜ್ಜುವ ಕಡೆ, ತಿಳಿ ಹಳದಿ ಇಣುಕತೊಡಗಿತು. ಮೋಸ ಹೋದೆವು ಅಂತ ತಂಗಿ ಅತ್ತೇಬಿಟ್ಟಳು. ಭೂತಗನ್ನಡಿ ಹಿಡಿದು ಒಳಬದಿಯ ಮುದ್ರೆ ನೋಡಿದೆ. 750 ಅಂತ ಇತ್ತು. ಸಾವಿರಕ್ಕೆ 750 ಪಾಲು ಚಿನ್ನ, ಅಂದರೆ 18 ಕ್ಯಾರೆಟ್. ಪ್ಲಾಟಿನಂ ಒಡವೆಯ ಮೇಲೆ ಸಾಮಾನ್ಯವಾಗಿ 950 ಇರುತ್ತದೆ. ಅವರು ಹೇಳಿದ್ದು ಒಂದು, ನಾವು ಕೇಳಿಸಿಕೊಂಡದ್ದು ಇನ್ನೊಂದು.

ಹತ್ತಿ ಬೆಳೆಯುವ ಕಡೆ ಹತ್ತಿಗೂ ‘ಬಿಳಿ ಬಂಗಾರ’ ಅನ್ನುತ್ತಾರೆ. ಅದರಿಂದ ಯಾರಿಗೂ ಗೊಂದಲ ಆಗುವುದಿಲ್ಲ. ತೊಡಕಿರುವುದು ಒಡವೆ ಅಂಗಡಿಯಲ್ಲೇ.

ಅಂಗಡಿಯವರು ‘ಬಿಳಿ ಚಿನ್ನ’ ಅಂದದ್ದು ಬೆರಕೆ ಚಿನ್ನಕ್ಕೆ. ಅದರ ವಿಷಯ ಹೀಗೆ: ಮೂಸೆಯಲ್ಲಿ ಚಿನ್ನದ ಜೊತೆ ಪಲ್ಲಾಡಿಯಂ ಅಥವಾ ನಿಕ್ಕಲ್ ಸೇರಿಸಿ ಹಳದಿ ಬಣ್ಣ ಇಳಿಸುತ್ತಾರೆ. ನಿಕ್ಕಲ್ ಅಗ್ಗ, ಆದರೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಪಲ್ಲಾಡಿಯಂ ಮೈಗೆ ಒಗ್ಗುತ್ತದೆ, ಬೆಲೆ ಮಾತ್ರ ಜಾಸ್ತಿ. ಬೆರೆಸಿದರೂ ಚಿನ್ನ ಸಾಮಾನ್ಯವಾಗಿ ಪೂರ್ತಿ ಬೆಳ್ಳಗಾಗುವುದಿಲ್ಲ, ಒಂದು ಮಾಸಲು ಛಾಯೆ ಉಳಿಯುತ್ತದೆ. ಅದಕ್ಕೇ ಮೇಲೆ ರೋಡಿಯಂ ಅನ್ನುವ ಲೋಹದ ತೆಳು ಪದರ. ತಂಗಿಯ ಉಂಗುರದಲ್ಲಿ ಸವೆದದ್ದು ಆ ಪದರ. ಈ ರೋಡಿಯಂನ ಹೆಸರು ಗ್ರೀಕರ ಗುಲಾಬಿಯಿಂದ ಬಂದದ್ದು. ಲೋಹ ಬೆಳ್ಳಗೆ ಫಳಫಳ ಅನ್ನುತ್ತದೆ, ಅದರ ಕೆಲವು ಲವಣಗಳು ಮಾತ್ರ ಗುಲಾಬಿ ಬಣ್ಣದವು.

ಪ್ಲಾಟಿನಂ ಬೇರೆಯೇ ಲೋಹ. ಅದರಲ್ಲಿ ಚಿನ್ನದ ಅಂಶವೇ ಬೇಕಿಲ್ಲ. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದಕ್ಕೆ 1768 ಬೇಕು. ಚಿನ್ನ ಕರಗಿಸುವ ಊದುಗೊಳವೆಯ ಉರಿಗೆ ಇದು ಜಗ್ಗುವುದಿಲ್ಲ. ಕೊಲಂಬಿಯಾದ ಹೊಳೆ ಮರಳಿನಲ್ಲಿ ಚಿನ್ನದ ಜೊತೆ ಇದು ಸಿಕ್ಕಾಗ ಸ್ಪೇನಿನವರು ‘ಪ್ಲಾಟಿನಾ’ ಅಂದರು. ‘ಪ್ಲಾಟಾ’ ಅಂದರೆ ಬೆಳ್ಳಿ, ‘ಪ್ಲಾಟಿನಾ’ ಪುಟ್ಟ ಬೆಳ್ಳಿ. ಅವರಿಗೆ ಬೆಳ್ಳಿಯ ಮರಿಯಂತೆ ಕಂಡದ್ದನ್ನು ನಾವು ಚಿನ್ನದ ನೆಂಟನನ್ನಾಗಿ ಮಾಡಿಕೊಂಡಿದ್ದೇವೆ. ನಮ್ಮ ‘ಬೆಳ್ಳಿ’ಯೂ ಬಿಳುಪು ಅನ್ನುವ ‘ಬೆಳ್’ನಿಂದಲೇ ಬಂದದ್ದು ಅಲ್ವಾ? ಬೆಳ್ಳುಳ್ಳಿ, ಬೆಳ್ದಿಂಗಳಲ್ಲಿ ಇರುವುದೂ ಅದೇ.

ನನ್ನ ಮಟ್ಟಿಗೆ ‘ಬಿಳಿ ಚಿನ್ನ’ವನ್ನು ಬೆರಕೆ ಚಿನ್ನಕ್ಕೇ ಬಿಟ್ಟುಕೊಡಬೇಕು. ಪ್ಲಾಟಿನಂ ಪ್ಲಾಟಿನಂ ಆಗಿಯೇ ಇರಲಿ. ‘ಕಿಸು’ (ಕೆಂಪು) ಮತ್ತು ‘ಪೊಳಲ್’ (ಪಟ್ಟಣ) ಸೇರಿ ಪಟ್ಟದಕಲ್ಲಿನ ಹಳೆಯ ಹೆಸರು ‘ಕಿಸುವೊಳಲ್’ ಆದ ಹಾಗೆ ‘ಬೆಳ್’ಗೆ ‘ಪೊನ್’ (ಚಿನ್ನ) ಸೇರಿಸಿ ‘ಬೆಳ್ವೊನ್ನು’ ಅಂತಲೂ ಕಟ್ಟಬಹುದು. ನನಗೆ ಆ ಪದ ತುಂಬಾ ಇಷ್ಟ. ಆದರೆ ಅಂಗಡಿಯಲ್ಲಿ ನಿಂತು ಕೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ.

ಇನ್ನೊಂದು ಪದಕ್ಕೆ ನಿಮ್ಮ ನೆರವು ಬೇಕು. ರೋಡಿಯಂ ಪದರ ಹಾಕುವುದಕ್ಕೆ ಇಲ್ಲಿ ‘ಪಾಲಿಶ್’ ಅನ್ನುತ್ತಾರೆ. ಸುಮ್ನೆ ಉಜ್ಜಿ ಹೊಳಪು ತರಿಸುವುದಕ್ಕೂ ಅದೇ ಮಾತು. ‘ಗಿಲೀಟು’ ಅಂದರೆ ನಕಲಿ ಒಡವೆಯ ನೆನಪು ಬರುತ್ತದೆ. ‘ಮುಲಾಮು’ ಅಂದರೆ ಈಗ ಗಾಯಕ್ಕೆ ಹಚ್ಚುವುದು. ಹಿತ್ತಾಳೆ ಬಳೆಗೆ ‘ಚಿನ್ನದ ನೀರು ಹಾಕಿಸುವುದು’ ಅಂತ ಅಜ್ಜಿ ಹೇಳುತ್ತಿದ್ದರು. ರೋಡಿಯಂ ಕೆಲಸವೂ ಹಾಗೇ ನಡೆಯುತ್ತದೆ. ಲೋಹ ಕರಗಿರುವ ದ್ರವದಲ್ಲಿ ಒಡವೆ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ‘ರೋಡಿಯಂ ನೀರು ಹಾಕಿಸು’ ಅಂದರೆ ಸರಿ ಹೊಂದುತ್ತದೆ ಅನ್ನಿಸುತ್ತದೆ. ನಿಮ್ಮೂರಿನ ಅಕ್ಕಸಾಲಿಗರು, ಪತ್ತಾರರು ಇದಕ್ಕೆ ಏನನ್ನುತ್ತಾರೆ? ಅವರ ಬಾಯಲ್ಲಿ ಬಂದ ಹಾಗೆಯೇ ಬರೆದು ತಿಳಿಸಿ.